ಇಪ್ಪತ್ತನೆಯ ತಲೆ

ನನಗೆ ಹನ್ನೆರಡು ತುಂಬುವ ಹೊತ್ತಿಗೆ ವಿಕ್ರೋಳಿಯಲ್ಲಿ ನಾನು ಅಣಕಿಸದ ಮನುಷ್ಯನೇ ಉಳಿದಿರಲಿಲ್ಲ. ನಮ್ಮ ಹೆಡ್‌ಮಾಸ್ತರರು ಮಾತಿಗೆ ಮುಂಚೆ ಮೂರು ಸಲ ಗಂಟಲು ಕೆರೆಯುತ್ತಿದ್ದರು. ನಾನು ನಾಲ್ಕು ಸಲ ಕೆರೆದು ಅವರನ್ನೂ ಮೀರಿಸುತ್ತಿದ್ದೆ. ಅಪ್ಪ ಸ್ಟೇಷನ್ ಎದುರಿನ ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಗಿರಾಕಿಗೆ ಒಂದು ದನಿ, ಅಡುಗೆಮನೆಗೆ ಒಂದು, ಮಾಲೀಕರು ಬಂದಾಗ ಇವೆರಡೂ ಅಲ್ಲದ ಮೂರನೆಯದೊಂದು. ಮೂರೂ ನನಗೆ ಬರುತ್ತಿದ್ದವು. ಬಾರದೆ ಇದ್ದದ್ದು ನನ್ನದೇ ದನಿ. ಅದು ಆ ವರ್ಷ ಒಡೆದು, ತುಕ್ಕು ಹಿಡಿದ ಶಟರ್ ಎಳೆದ ಹಾಗೆ ಕೇಳಿಸುತ್ತಿತ್ತು. ಆದ್ದರಿಂದ ಆದಷ್ಟೂ ಬೇರೆಯವರದ್ದನ್ನೇ ಬಳಸುತ್ತಿದ್ದೆ.

ನಮ್ಮದು ಮುನಿಸಿಪಾಲಿಟಿ ಶಾಲೆ. ಒಂದೇ ಕಟ್ಟಡದಲ್ಲಿ ಮರಾಠಿ, ಹಿಂದಿ, ಗುಜರಾತಿ ಎಲ್ಲ ಇದ್ದವು. ಹಿಂದಿನ ವರಾಂಡದ ತುದಿಯಲ್ಲಿ ಕನ್ನಡ. ಆರನೆಯ ಮತ್ತು ಏಳನೆಯ ಇಯತ್ತೆಗಳಿಗೆ, ಅಂದರೆ ತರಗತಿಗಳಿಗೆ, ಸೇರಿ ಒಂದೇ ಕೋಣೆ, ನಡುವೆ ಮರದ ಅಡ್ಡಗೋಡೆ, ಎರಡಕ್ಕೂ ಒಬ್ಬರೇ ಬಾಯಿ. ಮುಂಬಯಿಯಲ್ಲಿ ಟೀಚರನ್ನು ಬಾಯಿ ಎಂದೇ ಕರೆಯುವುದು. ಧಾರವಾಡದ ಕಡೆಯ ಈ ಬಾಯಿ ಆರನೆಯವರ ಬದಿಯ ಮೇಜಿನಲ್ಲಿ ಕುಳಿತು ಎರಡೂ ಹಾಜರಿ ಪುಸ್ತಕ ಓದುತ್ತಿದ್ದರು. ಏಳನೆಯವರಾದ ನಾವು ಅಡ್ಡಗೋಡೆಯ ಈಚೆಯಿಂದ 'ಹಾಜರ್ ಬಾಯಿ' ಎನ್ನುತ್ತಿದ್ದೆವು. ಬೆಳಗಿನ ಆ ಐದು ನಿಮಿಷ ಅವರ ಪಾಲಿಗೆ ಏಳನೆಯ ಇಯತ್ತೆಯೆಂದರೆ ಬರೀ ದನಿ.

ಒಂದನೆಯ ಇಯತ್ತೆಗೆ ಸೇರಿದಾಗ ಮುಂದಿನ ಬೆಂಚುಗಳಲ್ಲಿ ಕಂಪನಿ ಕಾಲನಿಯ ಮಕ್ಕಳಿದ್ದರು. ಅವರಿಗೆ ಬೂಟು, ಮುಚ್ಚಳವಿದ್ದ ಟಿಫಿನ್ ಡಬ್ಬಿ. ನಡುವೆ ಹೋಟೆಲಿನವರ ಮಕ್ಕಳಾದ ನಾವು. ನಮ್ಮ ಅಂಗಿಗೆ ಒಗೆದರೂ ಹೋಗದ ಸಾಂಬಾರಿನ ವಾಸನೆ. ಕೊನೆಗೆ ಪವಾಯಿ ರಸ್ತೆಯ ಕಟ್ಟಡ ಕೆಲಸಕ್ಕೆ ವಿಜಾಪುರ, ಗುಲ್ಬರ್ಗಾ ಕಡೆಯಿಂದ ಬಂದವರ ಮಕ್ಕಳು, ಕಾಲಿನ ತುಂಬ ಸಿಮೆಂಟು. ಯಾರೂ ಹೀಗೆ ಕೂರಿರೆಂದು ಹೇಳಿರಲಿಲ್ಲ, ತಾನಾಗಿಯೇ ಹಾಗೆ ಕೂತಿದ್ದೆವು. ಆಮೇಲೆ ಕಾಲನಿಯವರು ಒಬ್ಬೊಬ್ಬರಾಗಿ ಇಂಗ್ಲಿಷ್ ಮೀಡಿಯಂಗೆ ಹೋದರು. ಬೆಂಚು ಖಾಲಿಯಾದಂತೆ ನಾವು ಮುಂದೆ ಸರಿದೆವು. ಬಡ್ತಿ ಸಿಕ್ಕಿತೆಂದು ನಾನು ಬೀಗುತ್ತಿದ್ದೆ.

ಕೊನೆಯ ಬೆಂಚಿನಲ್ಲಿ ವಿಜಾಪುರದ ಒಬ್ಬಳು ಹುಡುಗಿ ಒಂದೂವರೆ ವರ್ಷದ ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಿದ್ದಳು. ಅವ್ವ ಇಟ್ಟಿಗೆ ಹೊರಲು ಹೋದರೆ ಕೂಸನ್ನು ನೋಡಿಕೊಳ್ಳುವವರು ಬೇರಾರೂ ಇರಲಿಲ್ಲ. ಒಂದು ಕೈಯಲ್ಲಿ ಅವನ ಮೂಗು ಒರೆಸುತ್ತ ಇನ್ನೊಂದು ಕೈಯಲ್ಲಿ ಲೆಕ್ಕ ಬಿಡಿಸುತ್ತಿದ್ದಳು. ನಾನು ಬಿಡುವಿನಲ್ಲಿ ಎರಡೂ ಕೈ ಬಳಸಿ ಅವಳದ್ದನ್ನು ನೋಡಿ ಬರೆಯುತ್ತಿದ್ದೆ. ಅವಳು ನನ್ನನ್ನು ಗಿಣಿ ಎಂದು ಕರೆಯುತ್ತಿದ್ದಳು.

ಕೊನೆಯ ಬೆಂಚಿನ ಹುಡುಗರಿಗೆ ದಿನವೂ ಬರಲಾಗುತ್ತಿರಲಿಲ್ಲ. ಸೈಟಿನಲ್ಲಿ ನೀರು ಹೊರುವ ಕೆಲಸ ಬಿದ್ದರೆ ಶಾಲೆ ತಪ್ಪುತ್ತಿತ್ತು. ಮೂರು ದಿನ ಗೈರಾದರೆ ಬಾಯಿ ಕೊಡೆ ಹಿಡಿದು ಸೈಟಿಗೇ ನಡೆದುಹೋಗಿ ತಂದೆ ತಾಯಿಯನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಆ ಸಂಜೆ ಹುಡುಗರಿಗೆ ಏಟು ಬೀಳುತ್ತಿತ್ತು. ಹಾಗಾಗಿ ಅವರೇ ನನ್ನನ್ನು ಕೇಳಿಕೊಂಡರು. ನಾನು ಅವರ ಬದಲು ಹಾಜರಿ ಹೇಳತೊಡಗಿದೆ. ಪಾಠದ ಹೊತ್ತಿಗೆ ಬಾಯಿ ನಮ್ಮ ಬೋರ್ಡಿನ ಮೇಲೆ ಬರೆದು ಆಚೆಗೆ ಓಡುತ್ತಿದ್ದರು, ಹಿಂದಿನ ಬೆಂಚು ಎಣಿಸಲು ಅವರಿಗೆ ಪುರುಸೊತ್ತಿರಲಿಲ್ಲ. ಒಬ್ಬನದು ಮೂಗಿನ ದನಿ, ಒಬ್ಬನದು ನಿದ್ದೆಗಣ್ಣಿನದು, ಒಬ್ಬನಿಗೆ 'ಜ' ಬಾರದು, ನಾಲ್ಕನೆಯವನು ಹೆಸರು ಮುಗಿಯುವ ಮೊದಲೇ ಕೂಗುವವನು. ಸಂಬಳವೆಂದರೆ ಖಡಕ್ ರೊಟ್ಟಿಯ ಒಂದು ತುಂಡು. ಇಷ್ಟು ಅಗ್ಗದ ಕಲಾವಿದ ಮುಂಬಯಿಯಲ್ಲಿ ಬೇರೊಬ್ಬನಿರಲಿಕ್ಕಿಲ್ಲ.

ಮಳೆಗಾಲ ಶುರುವಾದ ಮೇಲೆ ಆ ನಾಲ್ವರೂ ಒಟ್ಟಿಗೆ ಬಾರದಾದರು. ಎಂದಿನಂತೆ ಎರಡು ದಿನದ ಮಾತೆಂದುಕೊಂಡು ನಾನು ಹಾಜರಿ ಹೇಳುತ್ತ ಹೋದೆ. ವಾರದ ಮೇಲೆ ಹುಡುಗಿ ಹೇಳಿದಳು: ಅವರ ಕಟ್ಟಡ ಮುಗಿಯಿತು, ಕೂಲಿಯವರ ಮೇಸ್ತ್ರಿ ಮುಕಾದಮ ನಿನ್ನೆ ಎಲ್ಲರನ್ನೂ ದಹಿಸರಿನ ಹೊಸ ಸೈಟಿಗೆ ಲಾರಿಯಲ್ಲಿ ಹಾಕಿಕೊಂಡು ಹೋದ, ತನ್ನಪ್ಪ ಮಾತ್ರ ವಾಚ್‌ಮನ್ ಆಗಿ ಇಲ್ಲಿ ಉಳಿದ. ಆಗಲೇ ನಾನು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಒಂದೇ ದಿನ ನಾಲ್ಕು ದನಿ ಮಾಯವಾದರೆ ಸಿಕ್ಕಿಬೀಳುತ್ತೇನೆಂಬ ಹೆದರಿಕೆ ಒಂದು. ಇನ್ನೊಂದು, ನಾಲ್ಕು ದನಿಯನ್ನು ಸಾಲಾಗಿ ಹೇಳಿ ಮುಗಿಸಿದಾಗ ಇಡೀ ಇಯತ್ತೆ ಬಾಯಿಗೆ ಕೈ ಒತ್ತಿ ನಗುತ್ತಿತ್ತು. ಆ ನಗು ನನಗೆ ಬೇಕಿತ್ತು.

ಆಗಸ್ಟಿನ ಒಂದು ಸೋಮವಾರ ಬಾಯಿ ಹಾಜರಿ ಪುಸ್ತಕ ಹಿಡಿದು ಅಡ್ಡಗೋಡೆಯ ಈಚೆಗೆ ಬಂದರು. ಶನಿವಾರ ಬೀಟ್ ಆಫೀಸರ್, ಅಂದರೆ ಶಾಲೆಗಳ ತಪಾಸಣೆಯ ಸಾಹೇಬರು, ಬರುತ್ತಾರೆ ಎಂದರು. ಇಪ್ಪತ್ತು ತಲೆ ಕಾಣದಿದ್ದರೆ ಏಳನೆಯ ಇಯತ್ತೆ ಮುಚ್ಚುತ್ತದೆ, ಎಲ್ಲರೂ ಘಾಟಕೋಪರದ ಶಾಲೆಗೆ ಹೋಗಬೇಕು. 'ನಮ್ಮಲ್ಲಿ ಇಪ್ಪತ್ನಾಕು ಅದಾರ, ಚಿಂತಿಲ್ಲ' ಎಂದು ಬೆರಳು ನೀಡಿ ತಲೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ನಾನು ಬೆಂಚಿನ ಮೇಲಿನ ಶಾಯಿ ಕಲೆಯನ್ನು ನೋಡುತ್ತ ಕೂತೆ. ಜೀವನದಲ್ಲಿ ಮೊದಲ ಸಲ ಯಾರ ದನಿಯೂ ನನ್ನ ಬಾಯಿಗೆ ಬರಲಿಲ್ಲ.

ಯಾರೂ ಚಾಡಿ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಬಿಡುವಿನಲ್ಲಿ ಬಾಯಿ ನನ್ನನ್ನು ವರಾಂಡಕ್ಕೆ ಕರೆದರು. ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ.

'ಮೂರನೇ ದಿನಾನ ನನಗ ಗೊತ್ತಾಗಿದ್ರ ನಾ ಸೈಟಿಗೆ ಹೋಗ್ತಿದ್ದೆ. ಲಾರಿ ಬಿಡೂದ್ರಾಗ ಸಾಲಿ ಬಿಟ್ಟ ದಾಖಲೆನರೆ ಬರದು ಅವರ ಕೈಯಾಗ ಕೊಡ್ತಿದ್ದೆ. ಈಗ ಅಲ್ಲಿ ಯಾವ ಸಾಲ್ಯಾಗ ಸೇರಿಸಿಕೊಳ್ತಾರ ಅವರನ್ನ?'

ಇಷ್ಟೇ ಹೇಳಿ ಒಳಗೆ ಹೋಗಿ, ನಾಲ್ಕು ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ಉಳಿದದ್ದು ಸರಿಯಾಗಿ ಇಪ್ಪತ್ತು. ಅದರಲ್ಲಿ ನಾನೂ ಒಂದು.

ಅಂದೇ ಸಂಜೆ ಅಪ್ಪ ಹೋಟೆಲಿನಿಂದ ಒಂದು ಫಾರ್ಮ್ ತಂದರು. ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಯಾರೋ ಬದಲಿಯಾಗಿ ಹೋದವರ ಮಗನ ಸೀಟು ಖಾಲಿಯಾಗಿದೆ, ದಿನವೂ ಕಾಫಿಗೆ ಬರುವ ಕಾಲನಿಯ ಗುಮಾಸ್ತರು ಹೇಳಿ ಕೊಡಿಸಿದ್ದಾರೆ. ಎರಡು ಇಯತ್ತೆ ಇಳಿಸಿ ಐದನೆಯದಕ್ಕೆ ಸೇರಿಸಿಕೊಳ್ಳುತ್ತಾರಂತೆ. ಶನಿವಾರ ಹತ್ತೂವರೆಗೆ ದೊಡ್ಡ ಟೀಚರ್ ಮುಂದೆ ನಿಲ್ಲಬೇಕು, ಹಳೆಯ ಶಾಲೆಯ ದಾಖಲೆ ಕೈಯಲ್ಲಿರಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ.

ಮಾರನೆಯ ದಿನ ನಾನು ಹುಡುಗಿಯ ಮುಂದೆ ಬೀಟ್ ಆಫೀಸರರು ಹೇಗೆ ಮೀಸೆ ತಿರುವಿಕೊಂಡು ತಲೆ ಎಣಿಸಬಹುದೆಂದು ಮಾಡಿ ತೋರಿಸಿದೆ. ಕೂಸು ನಕ್ಕಿತು. ಅವಳು ನಗಲಿಲ್ಲ. ಆಗ ಫಾರ್ಮಿನ ವಿಷಯ ಹೇಳಿಬಿಟ್ಟೆ.

'ನಿನಗೇನಪಾ ಗಿಣಿ, ನಿನಗ ನಾಕ್ ಸಾಲಿ ಅದಾವು. ನನಗಿದೊಂದ. ಈ ಕೂಸಿನ್ನ ಹೊತ್ಕೊಂಡು ದಿನಾ ಲೋಕಲ್‌ದಾಗ ಘಾಟಕೋಪರಕ್ಕ ಹೋಗ್ಲೇನು?'

ಅವಳ ಅವ್ವ ಏಳನೆಯದು ಮುಗಿಸಲಷ್ಟೇ ಅವಳಪ್ಪನನ್ನು ಒಪ್ಪಿಸಿದ್ದಳು. ಶಾಲೆ ನಡೆದು ಹೋಗುವಷ್ಟು ಹತ್ತಿರವಿದೆಯೆಂಬುದೇ ಆ ಒಪ್ಪಿಗೆಗೆ ಆಧಾರ. ಅದು ತಪ್ಪಿದರೆ ಅವಳ ತಲೆಯ ಮೇಲೂ ಸಿಂಬಿ, ಅದರ ಮೇಲೆ ಇಟ್ಟಿಗೆ.

ಶುಕ್ರವಾರ ಅಪ್ಪನಿಗೆ ಎಲ್ಲವನ್ನೂ ಹೇಳಿದೆ, ಹಾಜರಿಯ ಸಂಗತಿಯೊಂದನ್ನು ಬಿಟ್ಟು. ಅವರು ಕೇಳಿಸಿಕೊಳ್ಳುತ್ತಲೇ ನನ್ನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಗುಮಾಸ್ತರ ಮಗನ ಒಂದು ಹಳೆಯ ಟೈ ಕೂಡ ತಂದಿದ್ದರು.

'ಒಂದು ತಲೆಯಿಂದ ಮುಚ್ಚುವ ಶಾಲೆ ಆದರೆ ಅದು ನಿನ್ನೆಯೇ ಮುಚ್ಚಿದೆ ಮಾರಾಯ' ಎಂದರು. ಅಂಗಿಯನ್ನು ಮಗುಚಿ ಹಾಕಿ, 'ಹೋಟೆಲಿಗೆ ಒಂದು ಇಂಗ್ಲಿಷ್ ಕಾಗದ ಬಂದರೆ ನಾನು ಯಾವ ಟೇಬಲಿಗೆ ಹೋಗಿ ನಿಲ್ತೇನೆ ಅಂತ ನೀನು ನೋಡಿದ್ದಿ ಅಲ್ವಾ? ಓದಿ ಹೇಳಿ ಸಾರ್, ಅಂತ. ಅದನ್ನು ಸಹ ಅಣಕಿಸಿದ್ದಿ, ನನಗೆ ಗೊತ್ತುಂಟು.'

ಅಣಕಿಸಿದ್ದೆ. ಅಡುಗೆಮನೆಯ ಭಟ್ಟರು ಸೌಟು ಕೆಳಗಿಟ್ಟು ನಗುವಷ್ಟು ಚೆನ್ನಾಗಿ.

ಶನಿವಾರ ಹತ್ತು ಗಂಟೆಗೆ ಅಪ್ಪ ನನ್ನ ಮಣಿಕಟ್ಟು ಹಿಡಿದು ದಾಖಲೆ ತರಲು ಶಾಲೆಗೆ ಬಂದರು. ಹೆಡ್‌ಮಾಸ್ತರರ ಕೋಣೆಗೆ ನಮ್ಮ ಇಯತ್ತೆಯ ಕಿಟಕಿ ದಾಟಿಯೇ ಹೋಗಬೇಕು. ಒಳಗೆ ಆಗಲೇ ಬೀಟ್ ಆಫೀಸರ್ ಕುಳಿತಿದ್ದರು. ನಾನು ಮಾಡಿ ತೋರಿಸಿದ ಮೀಸೆ ಅವರಿಗೆ ಇರಲೇ ಇಲ್ಲ. ಕೆಂಪು ಗೆರೆಗಳ ಮೇಲೆ ಬೆರಳಿಟ್ಟು, ಇದೇನು ಬಾಯಿ, ತಿಂಗಳಿಡೀ ಹಾಜರಿ ಹಾಕಿ ಈಗ ಹೊಡೆದು ಹಾಕಿದ್ದೀರಿ ಎಂದು ಕೇಳುತ್ತಿದ್ದರು. ಬಾಯಿ ನಿಂತೇ ಇದ್ದರು.

'ತಪ್ಪು ನಂದರಿ. ನಾ ತಲಿ ಎತ್ತಿ ನೋಡ್ಲಿಲ್ಲ.'

ಸಾಹೇಬರು ಅದನ್ನು ಬರೆದುಕೊಂಡರು. ಬಾಯಿ ನನ್ನ ಹೆಸರನ್ನು ಎತ್ತಲೇ ಇಲ್ಲ. ಅಪ್ಪ ನಡೆಯೆಂದು ನನ್ನನ್ನು ಎಳೆದರು. ಅಷ್ಟರಲ್ಲಿ ಸಾಹೇಬರು ತಾವೇ ಹಾಜರಿ ಕರೆಯತೊಡಗಿದರು. ಪುಸ್ತಕದ ಮೇಲೆ ಬಗ್ಗಿ ಒಂದೊಂದೇ ಹೆಸರು ಓದುತ್ತ ನನ್ನದಕ್ಕೆ ಬಂದರು.

'ಹಾಜರ್ ಸರ್' ಎಂದಿತು ಕೋಣೆಯೊಳಗಿನಿಂದ ನನ್ನ ದನಿ. ಒಡೆದ, ತುಕ್ಕು ಹಿಡಿದ ಆ ಶಟರೇ.

ಅಪ್ಪ ನಿಂತುಬಿಟ್ಟರು. ಪಕ್ಕದಲ್ಲಿದ್ದ ನನ್ನ ಮುಚ್ಚಿದ ಬಾಯಿಯನ್ನು ನೋಡಿದರು. ಆಮೇಲೆ ಕಿಟಕಿಯೊಳಗೆ ಇಣುಕಿದರು. ಕೊನೆಯ ಬೆಂಚಿನಲ್ಲಿ ಹುಡುಗಿ ತಮ್ಮನ ತಲೆಯ ಹಿಂದೆ ಮುಖ ಅಡಗಿಸಿಕೊಂಡಿದ್ದಳು. ಕೊರಳಿನ ನರ ಇನ್ನೂ ಬಿಗಿದಿತ್ತು. ಎಲ್ಲರನ್ನೂ ಅಣಕಿಸುವವನಿಗೆ ತನ್ನನ್ನೂ ಒಬ್ಬರು ಇಷ್ಟು ದಿನ ಕೇಳಿಸಿಕೊಂಡಿದ್ದಾರೆಂಬುದು ಹೊಳೆದೇ ಇರಲಿಲ್ಲ.

ಹೆಸರು ಮುಗಿದವು. ಸಾಹೇಬರು ಪುಸ್ತಕ ಮುಚ್ಚಿ ತಲೆ ಎತ್ತಿ ಎಣಿಸಿದರು. ಹತ್ತೊಂಬತ್ತು.

'ಇಪ್ಪತ್ತು ದನಿ ಬಂದು ಹತ್ತೊಂಬತ್ತು ತಲಿ ಹ್ಯಾಂಗ?' ಎಂದು ನನ್ನ ಹೆಸರನ್ನೇ ಮತ್ತೆ ಓದಿದರು. 'ಯಾರಂವ? ಎದ್ದು ನಿಂದ್ರು.'

ಯಾರೂ ಏಳಲಿಲ್ಲ. ಹುಡುಗಿ ಕೂಸನ್ನು ಬೆಂಚಿನ ಮೇಲೆ ಕೂರಿಸಿ ಮೆಲ್ಲಗೆ ಏಳಲು ಹೊರಟಳು. ಎದ್ದಿದ್ದರೆ ಅವಳ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ಬಾಯಿಯದ್ದೂ.

'ಹಾಜರ್ ಸರ್' ಎಂದೆ ನಾನು, ಕಿಟಕಿಯ ಹೊರಗಿನಿಂದ.

ಎಲ್ಲ ತಲೆಗಳೂ ತಿರುಗಿದವು. ಅಪ್ಪನ ಹಿಡಿತ ನನ್ನ ಮಣಿಕಟ್ಟಿನ ಮೂಳೆಗೆ ಇಳಿಯಿತು. ಸಾಹೇಬರು ಎದ್ದು ಕಿಟಕಿಯ ಹತ್ತಿರ ಬಂದು ನನ್ನನ್ನು ಕಾಲಿನಿಂದ ಕೊರಳಿನವರೆಗೆ ನೋಡಿದರು.

'ಹೊರಗ್ಯಾಕ ನಿಂತಿ? ಮತ್ತ ಕನ್ನಡ ಸಾಲಿಗೆ ಟೈ ಯಾಕ?'

ಇದಕ್ಕೆ ಉತ್ತರ ಹೇಳಬೇಕಾದವರು ಅಪ್ಪ. ಅವರ ಎಡಗೈಯಲ್ಲಿ ಫಾರ್ಮ್ ಇತ್ತು. ದಾಖಲೆ ತೆಗೆದುಕೊಂಡು ಹೋಗಲು ಬಂದೆವೆಂದು ನಿಜವನ್ನೇ ಹೇಳಿದ್ದರೂ ಯಾರೂ ತಪ್ಪು ಹಿಡಿಯುವಂತಿರಲಿಲ್ಲ. ಅವರು ಕಿಟಕಿಯೊಳಗೆ ಇನ್ನೊಮ್ಮೆ ನೋಡಿದರು. ಬೆಂಚಿನ ಮೇಲೆ ಬಿಟ್ಟ ಕೂಸು ಅಕ್ಕನ ಪಾಟಿಯ ಮೇಲಿನ ಲೆಕ್ಕವನ್ನು ಅಂಗೈಯಿಂದ ಒರೆಸುತ್ತಿತ್ತು.

'ದೊಡ್ಡ ಸಾಹೇಬರು ಬರ್ತಾರೆ, ಟೈ ಬೇಕೇ ಬೇಕು ಅಂತ ಹಟ ಮಾಡಿದ ಸಾರ್' ಎಂದರು ಅಪ್ಪ. ಹೋಟೆಲಿನ ಮಾಲೀಕರ ಮುಂದೆ ಬಳಸುವ ಮೂರನೆಯ ದನಿ. 'ಕಟ್ಟುವುದು ನನಗೆ ಬರುವುದಿಲ್ಲ. ತಡ ಆದದ್ದು ನನ್ನಿಂದ.'

ಸಾಹೇಬರು ಟೈಯ ಗಂಟು ನೋಡಿದರು. ಅದು ಬಾವಿಗೆ ಕೊಡ ಇಳಿಸುವ ಗಂಟಿನಂತೆಯೇ ಇತ್ತು, ಸಂಶಯಕ್ಕೆ ಎಡೆಯೇ ಇಲ್ಲ. ಮೊದಲ ಹಾಜರಿ ಹೇಳಿದ್ದು ನಾನೇ, ಕಿಟಕಿಯಿಂದಲೇ, ಎಂದುಕೊಂಡರೋ ಏನೋ. ಒಳಗೆ ಬಾ ಎಂದರು. ಅಪ್ಪ ಕೈ ಬಿಟ್ಟರು. ಇಪ್ಪತ್ತು ಎಂದು ಬರೆದು ಸಾಹೇಬರು ಸಹಿ ಹಾಕಿದಾಗ ಗೋಡೆಯ ಗಡಿಯಾರದಲ್ಲಿ ಹತ್ತೂ ಮುಕ್ಕಾಲು.

ಇಯತ್ತೆ ಉಳಿಯಿತು. ಹುಡುಗಿ ಮಾರ್ಚಿನವರೆಗೆ ಬಂದು ಏಳನೆಯದು ಪಾಸಾದಳು, ನನಗಿಂತ ಮೂವತ್ತೆಂಟು ಅಂಕ ಹೆಚ್ಚು. ಇಂಗ್ಲಿಷ್ ಮೀಡಿಯಂ ಶಾಲೆಯ ಸೀಟು ಆ ಶನಿವಾರವೇ ಬೇರೆಯವರಿಗೆ ಹೋಯಿತು. ಮುಂದಿನ ವಾರ ಹೋಟೆಲಿಗೆ ಒಂದು ಇಂಗ್ಲಿಷ್ ಕಾಗದ ಬಂತು. ನಾನು ಅಲ್ಲಿಯೇ ತಿಂಡಿ ತಿನ್ನುತ್ತಿದ್ದೆ. ಅಪ್ಪ ನನ್ನ ಟೇಬಲ್ ದಾಟಿಕೊಂಡು ಗುಮಾಸ್ತರ ಟೇಬಲಿಗೆ ಹೋಗಿ ನಿಂತರು. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ. ಅಣಕಿಸಲೂ ಇಲ್ಲ.

ತಪಾಸಣೆಯ ನಂತರದ ಸೋಮವಾರದಿಂದ ಬಾಯಿ ಅಡ್ಡಗೋಡೆಯ ಈಚೆಗೆ ಬಂದು ಹಾಜರಿ ಕರೆಯತೊಡಗಿದರು. ಪ್ರತಿ ಹೆಸರಿಗೂ ತಲೆ ಎತ್ತಿ ಮುಖ ನೋಡುತ್ತಿದ್ದರು. ಕೆಂಪು ಗೆರೆಯ ನಾಲ್ಕು ಹೆಸರುಗಳನ್ನೂ ಬಿಡುತ್ತಿರಲಿಲ್ಲ. ಮೊದಲನೆಯದನ್ನು ಕರೆದು ಕೊನೆಯ ಬೆಂಚಿನ ಕಡೆ ನೋಡಿ ಒಂದು ಗಳಿಗೆ ಕಾಯುತ್ತಿದ್ದರು. ಮೂಗಿನ ದನಿ ನನ್ನ ಗಂಟಲಿನವರೆಗೆ ಬರುತ್ತಿತ್ತು. ನಾನು ಹಲ್ಲು ಕಚ್ಚಿ ಕೂತಿರುತ್ತಿದ್ದೆ. ಬಾಯಿ ಎರಡನೆಯ ಹೆಸರು ಕರೆಯುತ್ತಿದ್ದರು.