ಇಲಿಯ ಮಿದುಳು, ಭಾವನ ಕೈ

ಸುಳ್ಯದ ಪ್ರಯೋಗಾಲಯವೊಂದರಲ್ಲಿ ನನ್ನ ಕೆಲಸ ಇಲಿಗಳ ಜೊತೆ. ಒಂಟಿಯಾಗಿ ಬೆಳೆಸಿದ ಗಂಡಿಲಿಯ ಗೂಡಿಗೆ ಇನ್ನೊಂದನ್ನು ಬಿಟ್ಟು, ಅದು ಎಷ್ಟು ಬೇಗ ಮೇಲೆ ಬೀಳುತ್ತದೆ, ಎಲ್ಲಿ ಕಚ್ಚುತ್ತದೆ ಎಂದು ನೋಡಬೇಕು. ಒಂದು ಇಲಿಯಂತೂ ಒಳಗೆ ಬಂದದ್ದರ ಬೆನ್ನು ಹರಿದುಹಾಕುತ್ತಿತ್ತು. ಕೊನೆಗೆ ಅವುಗಳ ಮಿದುಳನ್ನು ತೆಳ್ಳಗೆ ಕೊಯ್ದು ಆ್ಯಂಟಿಬಾಡಿ ಹನಿಸುತ್ತೇನೆ. ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕವನ್ನು ತಯಾರಿಸುವ ಕಿಣ್ವವನ್ನು ಹುಡುಕಿ ಅದು ಅಂಟಿಕೊಳ್ಳುತ್ತದೆ; ಮೇಲಿಂದ ಬಣ್ಣದ ದ್ರಾವಣ ಹಾಕಿದರೆ ಕಿಣ್ವವಿರುವ ಜೀವಕೋಶಗಳು ಕಂದು ಬಣ್ಣದಲ್ಲಿ ಕಾಣುತ್ತವೆ.

ಅಕ್ಕನನ್ನು ಜಾಲ್ಸೂರಿಗೆ ಮದುವೆ ಮಾಡಿ ಕೊಟ್ಟಿದ್ದರು. ಒಂದು ಭಾನುವಾರ ಅವಳ ಮನೆಯಲ್ಲಿ ಊಟ ಮಾಡುತ್ತಾ, ಸೆರೊಟೋನಿನ್ ಕಡಿಮೆಯಾದರೆ ಇಲಿಗಳು ಹೆಚ್ಚು ಕಚ್ಚುತ್ತವೆಯೇ ಎಂದು ನಾವು ಪರೀಕ್ಷಿಸುತ್ತಿರುವುದನ್ನು ಹೇಳಿದೆ. ಭಾವ ಎಂದಿಲ್ಲದ ಆಸಕ್ತಿಯಿಂದ ಕೇಳಿಸಿಕೊಂಡ. ಅವನು ಅಕ್ಕನಿಗೆ ಹೊಡೆಯುತ್ತಾನೆಂದು ನನಗೆ ಆಗ ಗೊತ್ತಿರಲಿಲ್ಲ.

ಮಳೆಗಾಲ ಮುಗಿಯುವಾಗ ನೆರೆಮನೆಯವರ ಫೋನು ಬಂತು. ಅಕ್ಕ ಪುತ್ತೂರಿನ ಆಸ್ಪತ್ರೆಯಲ್ಲಿದ್ದಳು. ಬಲ ಮುಂಗೈ ಮುರಿದಿತ್ತು, ಕೆಳತುಟಿಗೆ ಹೊಲಿಗೆ ಬಿದ್ದಿತ್ತು. ರಿಂಗಾಗುತ್ತಿದ್ದ ಭಾವನ ಫೋನನ್ನು ಅವಳು ಎತ್ತಿದ್ದಳಂತೆ. ಅಷ್ಟಕ್ಕೇ ಅವನು ತೆಂಗಿನಕಾಯಿ ತುರಿಯುವ ಮಣೆಯಿಂದ ಬಡಿದಿದ್ದ. ಇದನ್ನು ನನ್ನ ಕಿವಿಯಲ್ಲಿ ಮಾತ್ರ ಹೇಳಿದಳು. ಡಾಕ್ಟರಿಗೆ ಮೆಟ್ಟಿಲಿಂದ ಬಿದ್ದೆ ಎಂದಿದ್ದಳು.

ಭಾವ ಹೊರಗೆ ಬೆಂಚಿನ ಮೇಲಿದ್ದ. ಅಂಗಿಯ ತೋಳಲ್ಲಿ ಅವಳ ರಕ್ತ ಒಣಗಿತ್ತು. ನನ್ನನ್ನು ನೋಡಿ ಶಾಂತವಾಗಿಯೇ ಮಾತಾಡಿದ.

“ಎಂತ ಮಾಡುದು? ನೀನೇ ಹೇಳಿದ್ದಲ್ಲ, ಆ ವಸ್ತು ನನ್ನ ತಲೆಯಲ್ಲಿ ಕಮ್ಮಿ ಉಂಟು. ಮದ್ದು ಉಂಟಾ ಅದಕ್ಕೆ?”

ನಾನು ಅವನೆದುರು ಹೋಗಿ ನಿಂತೆ.

“ನಮ್ಮ ಇಲಿ ಎದುರಿಗೆ ಯಾರು ಬಂದ್ರೂ ಕಚ್ಚುತ್ತದೆ,” ಎಂದೆ. “ನೀವು ನಿಮ್ಮ ಅಣ್ಣನಿಗೆ ಹೊಡೀಲಿಲ್ಲ, ಪೇಟೆಯಲ್ಲಿ ಯಾರಿಗೂ ಹೊಡೀಲಿಲ್ಲ. ಯಾರಿಗೆ ಹೊಡಿಬಹುದು ಅಂತ ನಿಮ್ಮ ತಲೆಗೆ ಸರಿ ಗೊತ್ತುಂಟು.”

ಅವನು ಎದ್ದು ನನ್ನ ಜಡೆ ಹಿಡಿದು ಮುಖವನ್ನು ಗೋಡೆಗೆ ಅಪ್ಪಳಿಸಿದ. ಮೂಗಿನೊಳಗೆ ಏನೋ ಮುರಿದ ಸದ್ದು ನನಗೇ ಕೇಳಿಸಿತು. ಎರಡನೆಯ ಸಲ ಎಳೆಯುವಾಗ ಅವನ ಮಣಿಕಟ್ಟು ಬಾಯಿಗೆ ಸಿಕ್ಕಿತು. ಕಚ್ಚಿದೆ. ಅವನು ಹೊಟ್ಟೆಗೆ ಗುದ್ದಿದರೂ ಬಿಡಲಿಲ್ಲ. ಜನ ಬಂದು ಬಿಡಿಸಿದಾಗ ನನ್ನ ಬಾಯಿಯಲ್ಲಿ ಇಬ್ಬರ ರಕ್ತವೂ ಇತ್ತು.

ಗಲಾಟೆ ಕೇಳಿ ಅಕ್ಕ ವಾರ್ಡಿನ ಬಾಗಿಲಿಗೆ ಬಂದಿದ್ದಳು. ನನ್ನ ಮುಖ ನೋಡಿದಳು. ಆಮೇಲೆ ಹೊಲಿಗೆ ಹಾಕಿದ ತುಟಿಯಲ್ಲೇ ನರ್ಸಿಗೆ ಹೇಳಿದಳು: “ನಾನು ಬಿದ್ದದ್ದಲ್ಲ ಸಿಸ್ಟರ್. ಇವರು ಹೊಡೆದದ್ದು. ಮೊದಲ ಸಲ ಅಲ್ಲ. ಪೊಲೀಸರಿಗೆ ಹೇಳಿ.”

ಭಾವನನ್ನು ಅಲ್ಲಿಂದಲೇ ಕರೆದೊಯ್ದರು. ಈಗ ಜಾಮೀನಿನ ಮೇಲಿದ್ದಾನೆ, ಕೇಸು ನಡೆಯುತ್ತಿದೆ.

ಮೂಗಿನ ಪಟ್ಟಿ ಬಿಚ್ಚುವ ಮೊದಲೇ ನಾನು ಕೆಲಸಕ್ಕೆ ಹೋದೆ. ಆ ಕ್ರೂರ ಇಲಿಯ ಮಿದುಳಿನಲ್ಲಿ ಕಂದು ಕೋಶಗಳು ಕಚ್ಚದ ಸಾಧು ಇಲಿಯಲ್ಲಿದ್ದಷ್ಟೇ ದಟ್ಟವಾಗಿದ್ದವು. ಒಂದೆರಡು ಇಲಿಯಿಂದ ಏನನ್ನೂ ಹೇಳಲಾಗದು, ಇನ್ನಷ್ಟು ನೋಡಬೇಕು ಎಂದರು ಪ್ರಯೋಗಾಲಯ ನಡೆಸುವ ನಮ್ಮ ಮೇಡಂ.

ಅಕ್ಕ ಕಡಬದಲ್ಲಿ ಕೋಣೆ ಹಿಡಿದು ಬಟ್ಟೆ ಅಂಗಡಿಯಲ್ಲಿ ದುಡಿಯುತ್ತಾಳೆ. ಮುಂಗೈ ಪೂರ್ತಿ ತಿರುಗುವುದಿಲ್ಲ. ಸೀರೆಯನ್ನು ಎಡಗೈಯಲ್ಲಿ ಬಿಡಿಸಿ ತೋರಿಸಲು ಕಲಿತಿದ್ದಾಳೆ.