ಸಿಂಗಪುರದ ಚಳಿಗೆ ನಡುಗಿದ ಬಳ್ಳಾರಿಯವಳು

“ಹೆದರಬೇಡಿ. ಉಸಿರು ತೆಗೆದುಕೊಂಡು ನಿಧಾನವಾಗಿ ಓದಿ” ಎಂದರು ಟ್ರೈನರ್.

ನಾನು ಹೆದರಿರಲಿಲ್ಲ. ನನಗೆ ಚಳಿಯಾಗುತ್ತಿತ್ತು.

ಸಿಂಗಪುರದಲ್ಲಿ ಚಳಿಯೇ? ನೀವು ನಗುವುದು ಇಲ್ಲಿಗೇ ಕೇಳಿಸುತ್ತಿದೆ. ಬಳ್ಳಾರಿಯಲ್ಲಿರುವ ನಮ್ಮ ಅತ್ತೆಯೂ ಫೋನಿನಲ್ಲಿ ಹೀಗೇ ನಕ್ಕರು. “ಇಲ್ಲಿ ಫ್ಯಾನ್ ಕೆಳಗ ಕುಂತ್ರೂ ಜೀವ ಬೇಯಕತ್ತೈತಿ, ನಿನಗ ಚಳಿ ಅಂತ ಚಳಿ!” ಆದರೆ ಬಳ್ಳಾರಿಯ ಬಿಸಿಲಿಗೆ ಒಗ್ಗಿದ ಮೈಗೆ ಇದು ಚಳಿಯ ದೇಶವೇ. ಬೀದಿಯಲ್ಲಿ ಬೆವರು, ನಿಜ. ಬಾಗಿಲು ತಳ್ಳಿ ಒಳಗೆ ಹೋಗಿ ನೋಡಿ. ಬಸ್ಸು, ಎಂಆರ್‌ಟಿ ರೈಲು, ಲೈಬ್ರರಿ, ಮಾಲು, ಕ್ಲಿನಿಕ್ಕು. ಜ್ವರ ಎಂದು ಡಾಕ್ಟರ ಹತ್ತಿರ ಹೋದರೆ ಅಲ್ಲಿ ಕಾಯುವಷ್ಟರಲ್ಲಿ ನೆಗಡಿಯೂ ಸೇರಿಕೊಳ್ಳುತ್ತದೆ.

ಬಂದು ಎರಡು ವರ್ಷವಾಯಿತು. ನಮ್ಮ ಫ್ಲಾಟಿನ ಬಾಗಿಲ ಹಿಂದೆ ಒಂದು ಬಟ್ಟೆ ಚೀಲ ಸದಾ ನೇತಾಡುತ್ತಿರುತ್ತದೆ. ಅದರಲ್ಲಿ ನನ್ನ ಶಾಲು, ಮೂವರ ಸಾಕ್ಸು, ಮಗಳು ಸಿರಿಯ ಜಾಕೆಟ್ಟು, ನಮ್ಮವರ ಮಂಕಿ ಕ್ಯಾಪು. (ಕ್ಯಾಪು ಥಿಯೇಟರಿನ ಕತ್ತಲಲ್ಲಿ ಮಾತ್ರ. ಹತ್ತು ವರ್ಷದ ಮಗಳ ಷರತ್ತು.)

ಈಗ ಆ ಟ್ರೈನರ್ ಇದ್ದ ತರಗತಿಯ ವಿಷಯಕ್ಕೆ ಬರುತ್ತೇನೆ. ಪಾಯಾ ಲೆಬಾರ್ ಎಂಬ ಬಡಾವಣೆಯಲ್ಲಿ ಪುಟ್ಟ ಮಕ್ಕಳ ಸಹಾಯಕ ಶಿಕ್ಷಕಿಯಾಗುವ ಕೋರ್ಸಿಗೆ ಸೇರಿದ್ದೇನೆ. ಮದುವೆಯಾದ ಮೇಲೆ ನನಗಾಗಿ ನಾನು ತುಂಬಿದ ಮೊದಲ ಅರ್ಜಿ ಅದು. ಶಾಲೆಯ ಫಾರಂ, ವೀಸಾ ಫಾರಂ ಎಷ್ಟು ತುಂಬಿದ್ದೆನೋ! ಎಲ್ಲದರಲ್ಲೂ ನಾನು ಯಾರದೋ ತಾಯಿ, ಯಾರದೋ ಹೆಂಡತಿ.

ಮೂರನೆಯ ವಾರ ಅಸೆಸ್‌ಮೆಂಟ್. ಎದುರಿಗಿರುವವರು ಮಕ್ಕಳೇ ಎಂದುಕೊಂಡು ಒಂದು ಕಥೆ ಓದಬೇಕು, ಇಲ್ಲವೇ ಹೇಳಬೇಕು. ಕಲಿಯುವವರೆಲ್ಲರೂ ಕೋರ್ಸಿನ ಸಮವಸ್ತ್ರವಾದ ಅರ್ಧ ತೋಳಿನ ಟೀ ಶರ್ಟಿನಲ್ಲಿರಬೇಕು, ಮೇಲೆ ಶಾಲು, ಜಾಕೆಟ್ಟು ಏನೂ ಇರಕೂಡದು. ನನ್ನ ಸರದಿ ಕೊನೆಯದು. ಎರಡು ಗಂಟೆ ಎಸಿಯ ಗಾಳಿ ನೇರ ಕತ್ತಿಗೆ ಬೀಸುವ ಕುರ್ಚಿಯಲ್ಲಿ ಕೂತು, ಎದ್ದು ನಿಂತಾಗ ಪುಸ್ತಕ ಕೈಯಲ್ಲಿ ಗಡಗಡ. ಹಲ್ಲು ಕಟಕಟ. ದನಿಯೂ ಒಡೆಯಿತು.

ಟ್ರೈನರ್ ಒಳ್ಳೆಯವರು. ಐವತ್ತು ದಾಟಿದ ಚೀನೀ ಮಹಿಳೆ, ನಾವೆಲ್ಲ ಮಿಸ್ ಟಾನ್ ಎನ್ನುತ್ತೇವೆ. ಅರ್ಧಕ್ಕೇ ನಿಲ್ಲಿಸಿ, ಮುಂದಿನ ವಾರ ಇನ್ನೊಂದು ಅವಕಾಶ ಎಂದರು. ಅದೂ ತಪ್ಪಿದರೆ ಕೋರ್ಸಿನಿಂದ ಹೊರಗೆ. ನನ್ನ ಹಾಳೆಯ ಮೇಲೆ ಏನೋ ಬರೆದರು. ತಲೆಕೆಳಗಾಗಿ ಓದುವುದು ನನಗೆ ಬರುತ್ತದೆ (ಮಕ್ಕಳಿಗೆ ಎದುರು ಕೂತು ಹೋಂವರ್ಕ್ ಮಾಡಿಸುವ ಎಲ್ಲ ತಾಯಂದಿರಿಗೂ ಬರುತ್ತದೆ). “ನರ್ವಸ್. ಆತ್ಮವಿಶ್ವಾಸ ಸಾಲದು.”

ನಾನೇನು ಹೇಳಿದೆ? “ಸಾರಿ ಮಿಸ್.”

ಚಳಿ ಎಂದು ಯಾಕೆ ಹೇಳಲಿಲ್ಲ? ಕಾನ್ವೆಂಟಿನಲ್ಲಿ ಸಿಸ್ಟರುಗಳು ಬೆನ್ನು ನೆಟ್ಟಗೆ ಮಾಡಿ ನಿಲ್ಲುವುದನ್ನು ಕಲಿಸಿದರು, ಕೇಳಿದಾಗ ಮಾತ್ರ ಮಾತಾಡುವುದನ್ನು ಕಲಿಸಿದರು. ಏಪ್ರಿಲ್ ತಿಂಗಳಲ್ಲೂ ಫ್ಯಾನ್ ಹಾಕಿ ಎಂದು ಕೇಳುವ ಹುಡುಗಿ ನಮ್ಮ ಕ್ಲಾಸಿನಲ್ಲಿ ಇರಲಿಲ್ಲ.

ಸಂಜೆ ಮನೆಯಲ್ಲಿ ವಿಷಯ ಹೇಳಿದೆ. ನಮ್ಮವರು ಸೆಲೆಟಾರ್ ವಿಮಾನ ನಿಲ್ದಾಣದ ಹ್ಯಾಂಗರಿನಲ್ಲಿ, ಅಂದರೆ ವಿಮಾನ ನಿಲ್ಲಿಸುವ ಶೆಡ್ಡಿನಲ್ಲಿ, ರಿಪೇರಿಯ ಇಂಜಿನಿಯರ್. ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ.

“ಹ್ಯಾಂಗರ್‌ನಾಗ ನಾವು ಶೆಕಿಗೆ ಸಾಯ್ತೀವಿ. ನಿನಗ ಎಸಿ ಸಿಕ್ಕರ ಕಂಪ್ಲೇಂಟು! ಯಾಕ ಬೇಕಿತ್ತು ಇದೆಲ್ಲ? ಬಿಟ್ಬಿಡು.”

“ಬಿಡಂಗಿಲ್ಲ” ಎಂದೆ. ನನ್ನ ದನಿ ನನಗೇ ಹೊಸದೆನಿಸಿತು. ಅವರು ಆಗ ತಲೆ ಎತ್ತಿದರು.

“ಅಮ್ಮಾ, ಸ್ಟಾರ್ಟ್ ಮಾಡೋಕೆ ಮುಂಚೆ ಹೇಳ್ಬಿಡು ಲಾ, ಚಳಿ ಆಗ್ತಿದೆ ಅಂತ” ಎಂದಳು ಸಿರಿ. ಆ “ಲಾ” ಇಲ್ಲಿನವರ ಮಾತಿನ ಬಾಲ, ಅವಳಿಗೂ ಅಂಟಿಕೊಂಡಿದೆ.

“ಹಾಗೆಲ್ಲ ಹೇಳಿದ್ರೆ ಚೆನ್ನಾಗಿರಲ್ಲ ಕಣೇ.”

“ಫೇಲ್ ಆದ್ರೆ ಚೆನ್ನಾಗಿರತ್ತಾ?”

ಮರುದಿನ ತರಕಾರಿ ತರಲು ಇಳಿದಾಗ, ನಮ್ಮ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ನೆಲಮಹಡಿಯಲ್ಲಿರುವ ಶಿಶುವಿಹಾರದ ಗಾಜಿನ ಮುಂದೆ ನಿಂತುಬಿಟ್ಟೆ. ದಿನವೂ ದಾಟಿ ಹೋಗುವ ಗಾಜು. ಒಳಗೂ ಎಸಿ ಇತ್ತು. ಇಪ್ಪತ್ತು ಮಕ್ಕಳು, ಎಲ್ಲರಿಗೂ ಚೋಟುದ್ದದ ಚಡ್ಡಿ, ಬರಿಗಾಲು. ಆದರೂ ಒಬ್ಬರೂ ನಡುಗುತ್ತಿರಲಿಲ್ಲ. ಹೇಗೆ ನಡುಗುತ್ತಾರೆ? ಒಂದು ಮಗುವಾದರೂ ಒಂದು ಕಡೆ ಕೂತಿದ್ದರಲ್ಲವೇ!

ತರಕಾರಿ ಮರೆತು ಮೇಲೆ ಬಂದೆ. ಕೋರ್ಸಿನಲ್ಲಿ ಕೊಟ್ಟಿದ್ದ ಪುಸ್ತಕ ಪಕ್ಕಕ್ಕಿಟ್ಟು ನನ್ನದೇ ಕಥೆ ಕಟ್ಟಲು ಕೂತೆ. ಒಂದು ಕಪ್ಪೆ. ಅದಕ್ಕೆ ಗೆಳತಿಯ ಮದುವೆಗೆ ಹೋಗಬೇಕು. ದಾರಿಯಲ್ಲಿ ಹತ್ತು ಹೊಂಡ. ಒಂದೊಂದು ಹೊಂಡಕ್ಕೂ ಒಂದೊಂದು ಜಿಗಿತ. ವಾರವಿಡೀ ಸಿರಿಯ ಮುಂದೆ ಜಿಗಿದೆ. ಮಂಡಿ ನೋವು ಬೇರೆ ವಿಷಯ.

ಎರಡನೆಯ ಅವಕಾಶದ ಮಂಗಳವಾರ ಬಂತು. ಎದ್ದು ನಿಂತೆ. ಕೈ ನಡುಗುತ್ತಲೇ ಇತ್ತು. ಈ ಸಲ ಬಾಯಿ ಬಿಟ್ಟೆ.

“ಮಿಸ್ ಟಾನ್, ನಾನು ಬಿಸಿಲೂರಿನವಳು. ಹೋದ ವಾರ ನಡುಗಿದ್ದು ಹೆದರಿ ಅಲ್ಲ, ಚಳಿಗೆ. ಎಸಿ ಸ್ವಲ್ಪ ಕಡಿಮೆ ಮಾಡಬಹುದಾ?”

ಮಿಸ್ ಟಾನ್ ತಮ್ಮ ದಪ್ಪ ಕಾರ್ಡಿಗನ್ನಿನ ಗುಂಡಿ ಮುಟ್ಟಿ ನೋಡಿಕೊಂಡರು. “ಸೆಂಟ್ರಲ್ ಕಂಟ್ರೋಲ್ ಲಾ, ಕೆನಾಟ್. ನನಗೂ ಹನ್ನೊಂದು ವರ್ಷದಿಂದ ಚಳಿ” ಎಂದು ನಕ್ಕರು.

“ಹಾಗಾದರೆ ಎಲ್ಲರೂ ಏಳಿ” ಎಂದೆ.

ಎದ್ದರು! ನನ್ನ ಪಕ್ಕ ಕೂರುವ ಮಲಯ್ ಗೆಳತಿ ಹಮೀದಾ ಮೊದಲು ಎದ್ದಳು. ಮೊದಲ ಹೊಂಡಕ್ಕೆ ಅರ್ಧ ಜನ ಜಿಗಿದರು. ನಾಲ್ಕನೆಯದಕ್ಕೆ ಎಲ್ಲರೂ. ಏಳನೆಯ ಹೊಂಡದ ಹೊತ್ತಿಗೆ ಮಿಸ್ ಟಾನ್ ಕಾರ್ಡಿಗನ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿ ತಾವೂ ಕುಪ್ಪಳಿಸಿದರು. ಹಮೀದಾಳ ಚಪ್ಪಲಿ ಹಾರಿ ವೈಟ್‌ಬೋರ್ಡಿಗೆ ಬಡಿಯಿತು. (ಕೆಳಗಿನ ಮಹಡಿಯ ಆಫೀಸಿನವರು ಏನೆಂದುಕೊಂಡರೋ, ದೇವರಿಗೇ ಗೊತ್ತು.) ಕಪ್ಪೆ ಮದುವೆ ಮನೆ ಮುಟ್ಟಿದಾಗ ನನ್ನ ಹಣೆಯಲ್ಲಿ ಬೆವರಿತ್ತು. ದನಿ ಕಂಚಿನ ಹಾಗಿತ್ತು.

ಪಾಸಾದೆ. ಮಕ್ಕಳ ಕಣ್ಣು ನೋಡಿ ಮಾತಾಡುವುದನ್ನು ಇನ್ನೂ ಕಲಿಯಬೇಕಂತೆ. ಕಲಿಯುತ್ತೇನೆ. ಮುಂದಿನ ತಿಂಗಳಿಂದ ನಿಜವಾದ ಮಕ್ಕಳ ಮುಂದೆ ಪ್ರಾಕ್ಟಿಕಲ್.

ಹಾಳೆ ಕೊಡುವಾಗ ಮಿಸ್ ಟಾನ್ ಅರ್ಧ ನನಗೆ, ಅರ್ಧ ತಮಗೇ ಎಂಬಂತೆ ಹೇಳಿದರು: “ಇಷ್ಟು ವರ್ಷದಲ್ಲಿ ಎಷ್ಟು ಜನರಿಗೆ ನರ್ವಸ್ ಅಂತ ಬರೆದುಬಿಟ್ಟೆನೋ.”

ಬಸ್ಸಿನಲ್ಲಿ ಬರುವಾಗ ಅದೇ ಮಾತು ಕಿವಿಯಲ್ಲಿತ್ತು. ಹೊಸ ಊರಿಗೆ ಬಂದ ಸೊಸೆಯನ್ನೋ, ಹೊಸ ಶಾಲೆಗೆ ಸೇರಿದ ಮಗುವನ್ನೋ ನೋಡಿ “ಪಾಪ, ಬಹಳ ಪುಕ್ಕಲು” ಎಂದು ನಾವೂ ಎಷ್ಟು ಸಲೀಸಾಗಿ ಬರೆದುಬಿಡುತ್ತೇವೆ.

ಅದಕ್ಕೂ ಮೊದಲು, ಆ ಕೋಣೆಯ ಎಸಿ ಎಷ್ಟರಲ್ಲಿದೆ ಎಂದು ಯಾರಾದರೂ ನೋಡುತ್ತೇವಾ?