ಏಳು ಮಂದಿ ಮತ್ತು ಗಿರಿಜಕ್ಕೋರು

ಲೋಕೋಪಕಾರದ ಸಂಸ್ಥೆಗಳು ತ್ಯಾಗ, ಸೇವೆ, ದೂರದೃಷ್ಟಿ ಎಂಬ ಕಂಬಗಳ ಮೇಲೆ ನಿಂತಿರುತ್ತವೆ ಎಂದು ತಿಳಿದವರು ಭಾಷಣಗಳಲ್ಲಿ ಹೇಳುತ್ತಾರೆ. ಇಳಕಲ್ಲಿನಲ್ಲಿ ಅವು ಏಳು ಮಂದಿ ಒಂದೇ ದಿನ ಒಂದೇ ಕೋಣೆಗೆ ಬರುವುದರ ಮೇಲೆ ನಿಂತಿರುತ್ತವೆ. ಏಳರಲ್ಲಿ ಒಬ್ಬನ ಮನೆಗೆ ಅಳಿಯ ಬಂದಿರುತ್ತಾನೆ, ಒಬ್ಬನ ಹಲ್ಲು ನೋಯುತ್ತಿರುತ್ತದೆ, ಒಬ್ಬ ಮರೆತಿರುತ್ತಾನೆ. ಸೇವೆ ಅಲ್ಲಿಗೆ ಮುಂದಿನ ತಿಂಗಳಿಗೆ ಹೋಗುತ್ತದೆ.

ಈ ಸತ್ಯವನ್ನು ಗಿರಿಜಕ್ಕೋರಷ್ಟು ಚೆನ್ನಾಗಿ ಅರಿತವರನ್ನು ನಾನು ಕಂಡಿಲ್ಲ. ಕನ್ನಡ ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರಾಗಿದ್ದು ನಿವೃತ್ತರಾದ ಮೇಲೆ ಅವರು ನೇಕಾರರ ಓಣಿಯಲ್ಲಿ ‘ತೊಟ್ಟಿಲಮನಿ’ ಕಟ್ಟಿದರು. ತಾಯಂದಿರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಅವರ ಕೂಸುಗಳು ಇಲ್ಲಿ ಉಂಡು, ಅತ್ತು, ಮಲಗುತ್ತಿದ್ದವು. ಮನೆ ಒಬ್ಬ ಸೀರೆ ವ್ಯಾಪಾರಿ ದಾನ ಕೊಟ್ಟದ್ದು. ಕೊಡುವಾಗ ಆತ ಒಂದು ಷರತ್ತು ಹಾಕಿದ್ದ: ಸಮಿತಿಯಲ್ಲಿ ಸರಿಯಾಗಿ ಏಳೇ ಮಂದಿ ಇರುವತನಕ ಮನೆ ಕೂಸುಗಳದು, ಒಬ್ಬ ಕಡಿಮೆಯಾದರೂ ಮನೆ ವಾಪಸ್. ಸಾಲಾಗಿ ಮೂರು ಸಭೆಗೆ ಬಾರದವನು ಮೆಂಬರೇ ಅಲ್ಲ. ವ್ಯಾಪಾರಿ ತೀರಿಕೊಂಡಿದ್ದ. ಅಲ್ಲಿ ಅಂಗಡಿಸಾಲು ಕಟ್ಟಿಸುವ ಆಸೆಯಿದ್ದ ಅವನ ಮೊಮ್ಮಕ್ಕಳು ಆಗಾಗ ಬಂದು, ಸಮಿತಿಯವರ ಆರೋಗ್ಯ ವಿಚಾರಿಸಿಕೊಂಡು ಹೋಗುತ್ತಿದ್ದರು.

ಆದ್ದರಿಂದ ಅಕ್ಕೋರು ಸದಾ ಮನುಷ್ಯರನ್ನು ಹುಡುಕುತ್ತಿದ್ದರು. ಒಬ್ಬ ಸತ್ತರೆ, ಒಬ್ಬನಿಗೆ ಬಾದಾಮಿಗೆ ವರ್ಗವಾದರೆ, ಅದೇ ಸಂಜೆ ಕರಿ ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಡುತ್ತಿದ್ದರು. ಆ ಕುಳ್ಳ ಆಕೃತಿ ಓಣಿಯ ತುದಿಯಲ್ಲಿ ಕಂಡರೆ ಊರ ಗಣ್ಯರು ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಹೋಗಿಬಿಡುತ್ತಿದ್ದರು. ಹೊಲ ಇಲ್ಲದವರೂ.

ಅಕ್ಕೋರಿಗೆ ಗಣ್ಯರ ಆಸೆ ಇರಲಿಲ್ಲ. ಅವರು ಹಿಡಿಯುತ್ತಿದ್ದದ್ದು ತಕರಾರಿನವರನ್ನು. ನಾನು ಹುನಗುಂದದ ಕೋರ್ಟಿನಲ್ಲಿ ಶಿರಸ್ತೇದಾರನಾಗಿದ್ದು ನಿವೃತ್ತನಾಗಿ, ತೊಟ್ಟಿಲಮನಿಯ ಪಕ್ಕದ ಮನೆಗೆ ಬಂದ ಹೊಸತು. ಮಧ್ಯಾಹ್ನದ ನಿದ್ದೆಗೆ ಒದಗುತ್ತಿದ್ದ ಭಂಗದ ಬಗ್ಗೆ, ಕಾನೂನಿನ ಕಲಮುಗಳ ಸಮೇತ, ದೂರು ಹೇಳಲು ಹೋದೆ. ಅಕ್ಕೋರು ಪೂರಾ ಕೇಳಿದರು.

“ಶಿರಸ್ತೇದಾರ್ರ, ನೀವು ಹೇಳೂದು ಖರೆ ಐತ್ರಿ. ಇದನ್ನ ಮೀಟಿಂಗಿನ್ಯಾಗ ಎತ್ತಬೇಕು.”

“ಎತ್ರಿ ಮತ್ತ.”

“ನಾ ಎತ್ತಿದ್ರ ಹೆಂಗರಿ? ತ್ರಾಸ ನಿಮ್ದು. ನೀವ ಬಂದು ಹೇಳ್ರಿ. ಆದ್ರ ಮೆಂಬರ ಅಲ್ಲದವರು ಮಾತಾಡೂಹಂಗಿಲ್ಲ ನೋಡ್ರಿ.”

ಹೀಗೆ ನಾನು ಮೆಂಬರಾದೆ. ನನ್ನ ತಕರಾರು ಇನ್ನೂ ಚರ್ಚೆಗೆ ಬಂದಿಲ್ಲ.

ಊರಲ್ಲಿ ಸಜ್ಜನರಿಲ್ಲವೇ ಎಂದು ಒಮ್ಮೆ ಕೇಳಿದೆ. “ಅದಾರಲ್ರಿ. ಅವರು ‘ಭಾಳ ಛಲೋ ಕೆಲಸ ಅಕ್ಕೋರ’ ಅಂತ ದೂರದಿಂದ ಕೈ ಮುಗೀತಾರ. ಜಗಳಕ್ಕ ಬರವ್ರು ಮನಿ ಮಟಾ ನಡಕೋತ ಬರ್ತಾರ. ನನಗ ಬೇಕಾದವ್ರು ಬರೂ ಮಂದಿ,” ಎಂದರು.

ಹಿಡಿದವರನ್ನು ಉಳಿಸಿಕೊಳ್ಳಲು ಅವರದೇ ಒಂದು ಕಾಯ್ದೆ ಇತ್ತು. ಯಾರು ಸಭೆ ತಪ್ಪಿಸುತ್ತಾರೋ ಮುಂದಿನ ಸಭೆ ಅವರ ಮನೆಯಲ್ಲಿ. ಮುನ್ಸೂಚನೆ ಇಲ್ಲ. ಅಕ್ಕೋರು ಮುಂದೆ, ನಾವು ಹಿಂದೆ, ತಾಯಂದಿರು ಇನ್ನೂ ಕರೆದೊಯ್ಯದ ಕೂಸುಗಳು ನಮ್ಮ ಬಗಲಲ್ಲಿ. ಆ ಮನೆಯಾಕೆ ಅಷ್ಟೂ ಮಂದಿಗೆ ಸುಸಲಾ, ಮಿರ್ಚಿ, ಚಾ ಮಾಡಬೇಕು. ಮರುತಿಂಗಳು ಸಭೆಯ ದಿನ ಆಕೆಯೇ ಗಂಡನ ಚಪ್ಪಲಿಯನ್ನು ಹೊಸ್ತಿಲ ಮುಂದೆ ಜೋಡಿಸಿ ಇಡುತ್ತಿದ್ದಳು.

ಬಟ್ಟೆ ಅಂಗಡಿಯ ವೀರಣ್ಣ ಹೀಗೊಮ್ಮೆ ತಪ್ಪಿಸಿಕೊಂಡ. ಮುಂದಿನ ಸಭೆಗೆ ನಾವು ಅವನ ಮನೆ ಹೊಕ್ಕಾಗ ಪಡಸಾಲೆಯಲ್ಲಿ ಅವನ ಮಗಳನ್ನು ನೋಡಲು ಬಂದ ಹುನಗುಂದದವರು ಕೂತಿದ್ದರು. ತಿರುಗಿ ಹೋಗೋಣವೆಂದು ನಾನು ಸನ್ನೆ ಮಾಡುವಷ್ಟರಲ್ಲಿ ಅಕ್ಕೋರು ಹುಡುಗಿಯ ಪಕ್ಕ ಕೂತೇಬಿಟ್ಟಿದ್ದರು. ನಮ್ಮನ್ನು ಹೆಣ್ಣಿನ ಬಳಗವೆಂದು ತಿಳಿದ ಗಂಡಿನ ತಂದೆಗೆ ಸಿಟ್ಟು ಬಂತು.

“ಏನ್ರೀ ಇದು? ಹೆಣ್ಣು ನೋಡಾಕ ಬಂದ್ರ ಊರ ಕೂಡಿಸೀರಲ್ಲ! ಮ್ಯಾಲ ಇಷ್ಟ ಕೂಸುಗೋಳು ಬ್ಯಾರೆ!”

ಅಕ್ಕೋರ ಕಣ್ಣು ಹೊಳೆದದ್ದನ್ನು ನಾನು ನೋಡಿದೆ. “ಯಜಮಾನ್ರ,” ಎಂದರು ಭಕ್ತಿಯಿಂದ, “ನಿಮ್ಮಂಗ ಮುಖದ ಮ್ಯಾಲ ಹೇಳವ್ರು ನಮ್ಮ ಊರಾಗ ಇಲ್ರಿ.”

ಸಂಬಂಧ ಕೂಡಿತು. ಮದುವೆಗಿಂತ ಮೊದಲು ಬೀಗರು ಮೆಂಬರಾದರು.

ಈ ಕಾಯ್ದೆಯನ್ನು ನಾನು ಶಿಕ್ಷೆಯೆಂದೇ ತಿಳಿದಿದ್ದೆ. ಆಮೇಲೆ ಸಂಗಪ್ಪನಿಗೆ ಲಕ್ವಾ ಹೊಡೆಯಿತು. ಆತ ನಮ್ಮ ಸಮಿತಿಯ ಹಿರಿಯ ನೇಕಾರ. ಯಾವ ಸಭೆಯಲ್ಲೂ ತುಟಿ ಬಿಚ್ಚಿದವನಲ್ಲ. ದವಾಖಾನೆಯಲ್ಲಿದ್ದಾಗ ಎರಡು ಸಭೆ ತಪ್ಪಿದವು. ಬೇರೆಯವರನ್ನು ತೆಗೆದುಕೊಳ್ಳೋಣವೇ ಎಂದು ನಾನು ಮೆಲ್ಲಗೆ ಕೇಳಿದೆ.

“ಯಾಕ್ರಿ? ಆತ ಬರಲಿಲ್ಲ, ನಾವು ಹೋಗೋಣು,” ಎಂದರು ಅಕ್ಕೋರು.

ಹೋದೆವು. ಮರುತಿಂಗಳೂ ಹೋದೆವು, ಅದರ ಮರುತಿಂಗಳೂ. ಆ ಮನೆಗೆ ಮಾತ್ರ ಚಾ ಅಕ್ಕೋರೇ ಥರ್ಮಾಸಿನಲ್ಲಿ ಒಯ್ಯುತ್ತಿದ್ದರು. ಹಾಸಿಗೆಯ ಸುತ್ತ ಕೂತು ಕೂಸುಗಳ ಹಾಲನ್ನು ಅದೇ ಗೌಳಿಯಿಂದ ಮುಂದುವರಿಸುವ ಠರಾವು ಓದುತ್ತಿದ್ದಾಗ ಸಂಗಪ್ಪನ ಎಡಗೈ ಮೇಲೆದ್ದಿತು. “ನೀ... ನೀರ,” ಎಂದ. ಹಾಲು ನೀರಾಗಿದೆ ಎಂದು ತೊಟ್ಟಿಲಮನಿಗೆ ಹೋಗುವ ಅವನ ಮೊಮ್ಮಗಳು ಹೇಳಿದ್ದಳಂತೆ.

“ಬರಕೋರಿ ಶಿರಸ್ತೇದಾರ್ರ. ಸಂಗಪ್ಪಣ್ಣಂದು ವಿರೋಧ ಐತಿ.”

ಬರೆದುಕೊಂಡೆ. ಬಾಗಿಲ ಮರೆಯಲ್ಲಿ ಆತನ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಸುಗ್ಗಿಯ ಹೊತ್ತಿಗೆ ಸಂಗಪ್ಪ ಕೋಲೂರಿಕೊಂಡು ತಾನೇ ತೊಟ್ಟಿಲಮನಿಗೆ ಬಂದ. ಬಂದವನೇ ಗೌಳಿಯ ಜೊತೆ ಜಗಳ ತೆಗೆದ.

ಅಕ್ಕೋರ ಕೈಗೆ ಸಿಗದವಳು ಒಬ್ಬಳೇ, ರೇಣವ್ವ. ಹೊಟ್ಟೆಪಾಡಿಗೆ ಸೀರೆ ನೇಯುತ್ತ ಎರಡು ಕೂಸುಗಳನ್ನು ತೊಟ್ಟಿಲಮನಿಯಲ್ಲೇ ದೊಡ್ಡವು ಮಾಡಿದವಳು. ಸಮಿತಿಯಲ್ಲಿ ಒಬ್ಬ ತಾಯಿ ಇರಬೇಕೆಂದು ಅಕ್ಕೋರ ಹಟ. ಕರೆದಾಗೆಲ್ಲ ಆಕೆ, “ನಾ ಅಲ್ಲಿ ಬಂದು ಕುಂತ್ರ ಇಲ್ಲಿ ಮಗ್ಗ ನಿಂದರ್ತತ್ರಿ ಅಕ್ಕೋರ,” ಎನ್ನುತ್ತಿದ್ದಳು. ಅಕ್ಕೋರು ಕೊಡೆ ಇರುಕಿಕೊಂಡು ವಾಪಸಾಗುತ್ತಿದ್ದರು.

ಹೋದ ವರ್ಷ ಅಕ್ಕೋರ ಕಿಡ್ನಿ ಕೆಟ್ಟವು. ಬಾಗಲಕೋಟೆಯ ದವಾಖಾನೆಗೆ ನಮ್ಮೆಲ್ಲರನ್ನೂ ಕರೆಸಿಕೊಂಡರು. ಜೊತೆಗೆ ರೇಣವ್ವನನ್ನೂ.

“ನನ್ನ ರಾಜೀನಾಮೆ ಪಾಸ್ ಮಾಡ್ರಿ,” ಎಂದರು.

ವೀರಣ್ಣ, “ಆರಾಮ ಆಗಿ ಬರ್ತೀರಿ ಅಕ್ಕೋರ. ನಿಮ್ಮ ಹೆಸರ ತಗಿಯೂದು ನಮ್ಮ ಕಡಿಂದ ಆಗೂದಿಲ್ರಿ,” ಎಂದ.

“ಹೂಂ, ಹೆಸರ ಇಟಗೊಂಡ ಕುಂದರ್ರಿ. ನಾ ಹೋದ ದಿನ ಆರ ಮಂದಿ ಉಳೀತೀರಿ. ಆ ಮೊಮ್ಮಕ್ಕಳು ನನಗ ಹಾರ ತರ್ತಾರ, ಮನಿಗೆ ಕೀಲಿ ತರ್ತಾರ. ಕೂಸುಗೋಳನ್ನ ಎಲ್ಲಿ ಮಲಗಸ್ತೀರಿ, ನಿನ್ನ ಅಂಗಡ್ಯಾಗೇನು?”

ವೀರಣ್ಣ ತಲೆ ತಗ್ಗಿಸಿದ. ಅಕ್ಕೋರು ಆ ಕಡೆ ಹೊರಳಿದರು. “ರೇಣವ್ವಾ, ಅಮಾಸಿ ದಿನ ಮಗ್ಗಕ್ಕ ಕುಂದರ್ತಿಯೇನ?”

“ಇಲ್ರಿ. ನಮ್ಮ ಓಣ್ಯಾಗ ಅಮಾಸಿಗೆ ಯಾರ ಕುಂದರ್ತಾರ್ರಿ?”

“ಹಂಗಾರ ಇನ್ನ ಮ್ಯಾಲ ಮೀಟಿಂಗು ಅಮಾಸಿಗೆ.”

ಹುನಗುಂದದ ಬೀಗರು ಹೌಹಾರಿದರು. “ಅಮಾಸಿ ದಿನ ಯಾರರ ಶುಭಕಾರ್ಯ ಇಟಗೋತಾರೇನ್ರಿ ಅಕ್ಕೋರ?”

“ನಮ್ಮ ಮೀಟಿಂಗು ಶುಭಕಾರ್ಯ ಅಂತ ನಿಮಗ ಹೇಳಿದವರ್ಯಾರ್ರಿ?”

ರೇಣವ್ವ ನಕ್ಕಳು, ನಗುತ್ತಲೇ ಅಳತೊಡಗಿದಳು. “ನಾ ಏನ ಮಾತಾಡ್ಲಿರಿ ಅಲ್ಲಿ ಬಂದು?”

“ಮೊದಲ ಬಾ. ಬಂದ ಮ್ಯಾಲ ಸಿಟ್ಟ ಬರ್ತೈತಿ. ಸಿಟ್ಟ ಬಂದ್ರ ಮಾತು ಬರ್ತಾವು.” ಆಮೇಲೆ ನಮಗೆ, “ನನ್ನ ಜಾಗಾಕ್ಕ ರೇಣವ್ವ. ಕೈ ಎತ್ರಿ,” ಎಂದರು.

ಸಂಗಪ್ಪ ಎತ್ತಿದ. ಬೀಗರು ಎತ್ತಿದರು. ವೀರಣ್ಣ ಗೋಡೆಯ ಕಡೆ ಮುಖ ಮಾಡಿ ಎತ್ತಿದ. ಅಕ್ಕೋರು ಮಲಗಿದಲ್ಲಿಂದಲೇ ಒಂದೊಂದಾಗಿ ಎಣಿಸುತ್ತ ನನ್ನ ಸರದಿಗೆ ಎಣಿಕೆ ನಿಲ್ಲಿಸಿದರು.

“ಶಿರಸ್ತೇದಾರ್ರ, ನಿದ್ದಿ ಹತ್ತೇತೇನ್ರಿ?”

ಎತ್ತಿದೆ.

ಮುಂದಿನ ಅಮಾವಾಸ್ಯೆ ಬರುವ ಮೊದಲೇ ಗಿರಿಜಕ್ಕೋರು ತೀರಿಕೊಂಡರು. ಮಣ್ಣಾದ ಕೆಲವು ದಿನಕ್ಕೆ ವ್ಯಾಪಾರಿಯ ಮೊಮ್ಮಕ್ಕಳು ವಕೀಲರೊಬ್ಬರನ್ನು ಕರೆದುಕೊಂಡು ಬಂದು ಸಮಿತಿಯಲ್ಲಿ ಈಗ ಎಷ್ಟು ಮಂದಿ ಎಂದು ಕೇಳಿದರು. ಏಳು ಮಂದಿ ಇದ್ದೆವು. ಮನೆ ತೊಟ್ಟಿಲಮನಿಗೇ ಉಳಿಯಿತು.